ಆರನೆಯ ಚುಕ್ಕೆ

ಬುಧವಾರ ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಪರದೆಯ ಮೇಲೆ ಆರು ಸೊನ್ನೆಗಳು ಒಂದರ ಕೆಳಗೊಂದು ಬಂದು ಕೂತಾಗ ಹುಲಿಗೆಮ್ಮ ಕುರ್ಚಿಗೆ ಒರಗಿದಳು. ಸೊನ್ನೆ ಎಂದರೆ ತಪ್ಪಿಲ್ಲ. ತಪ್ಪಿಲ್ಲ ಎಂದರೆ ಎದ್ದು ಹೋಗಿ ಯಾರನ್ನೂ ಏನೂ ಕೇಳಬೇಕಾಗಿಲ್ಲ.

ಕೇಳುವುದೆಂದರೆ ಅವಳಿಗೆ ಅಷ್ಟು ಕಷ್ಟ. ಮಡಗಾಂವದ ಆ ಪುಟ್ಟ ಸರ್ವೆ ಆಫೀಸಿಗೆ ಸೇರಿ ಏಳು ತಿಂಗಳಾದರೂ, ನೀರಿನ ಬಾಟಲಿ ತುಂಬಿಕೊಳ್ಳಲು ಏಳಬೇಕಾದರೆ ಯಾರೂ ತನ್ನತ್ತ ನೋಡದ ಹೊತ್ತು ನೋಡಿ ಏಳುತ್ತಿದ್ದಳು. ಧಾರವಾಡದಲ್ಲಿ ಮೂರು ವರ್ಷ ಭೂಗೋಳ ಓದಿ ಬಂದವಳು. ಕೆಲಸದಲ್ಲಿ ಚುರುಕು, ಬಾಯಿ ಮಾತ್ರ ಇಲ್ಲ. ಆಫೀಸಿನಲ್ಲಿ ಹೆಸರು ಉದ್ದವಾಯಿತೆಂದು ಹೇಮಾ ಎಂದು ಕರೆದರು, ಅವಳು ಸುಮ್ಮನೆ ಒಪ್ಪಿಕೊಂಡಳು. ಮನೆ ಎಲ್ಲಿ ಎಂದು ಕೇಳಿದಾಗ ಬಸ್‌ಸ್ಟ್ಯಾಂಡಿನ ಹತ್ತಿರ ಎಂದಿದ್ದಳು. ಕೂಲಿಗೆ ವಲಸೆ ಬಂದವರ ಗುಡ್ಡ ಮೋತಿ ಡೊಂಗರ್ ಎಂದರೆ ಆಮೇಲೆ ಬರುವ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುವ ಧೈರ್ಯ ಅವಳಿಗಿರಲಿಲ್ಲ.

ವಿಧಿ ಎಂಥದ್ದು ನೋಡಿ, ಅವಳ ಮೇಜಿಗೆ ಬಂದ ಕೆಲಸವೇ ಮೋತಿ ಡೊಂಗರ್‌ದು. ಮಳೆಗಾಲಕ್ಕೆ ಸ್ವಲ್ಪ ಮೊದಲು ತೆಗೆದ ಉಪಗ್ರಹ ಚಿತ್ರವೊಂದರಲ್ಲಿ ಗುಡ್ಡದ ಹಿಂಬದಿಯ ನೆತ್ತಿಯ ಮೇಲೆ ಒಂದು ಕೆಂಪು ಗೆರೆ ಕಾಣುತ್ತಿತ್ತು. ಹುಲ್ಲಿನ ನಡುವೆ ನೆಲ ಬಾಯಿ ಬಿಟ್ಟ ಗುರುತು. ಆ ಬಿರುಕಿನ ನೇರ ಕೆಳಗೆ ಯಾವ ಯಾವ ಮನೆಗಳಿವೆ ಎಂದು ಪಟ್ಟಿ ಮಾಡಿ ಸಂಜೆಯೊಳಗೆ ಮೇಲಿನ ಕಚೇರಿಗೆ ಕಳಿಸಬೇಕಿತ್ತು. ತೊಂದರೆ ಏನೆಂದರೆ, ಆ ಚಿತ್ರ ಬರೀ ಫೋಟೋ ಆಗಿ ಬಂದಿತ್ತು. ಭೂಮಿಯ ಮೇಲೆ ತಾನು ಎಲ್ಲಿ ಕೂರಬೇಕೆಂಬ ಅಕ್ಷಾಂಶ ರೇಖಾಂಶಗಳು ಅದರೊಳಗೆ ಇರಲಿಲ್ಲ.

ಅಂಥ ಚಿತ್ರವನ್ನು ಕೂರಿಸುವುದು ಅವಳಿಗೆ ಗೊತ್ತಿದ್ದ ಕೆಲಸವೇ. ಕ್ಯೂಜಿಐಎಸ್ ಎಂಬ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ನಕಾಶೆಯ ತಂತ್ರಾಂಶ. ಅದರಲ್ಲಿ ಹಿನ್ನೆಲೆಗೆ ಒಂದು ಹಳೆಯ ಉಪಗ್ರಹ ಚಿತ್ರ ಇರುತ್ತದೆ, ಅದಕ್ಕೆ ತನ್ನ ಜಾಗ ಗೊತ್ತು. ಹಳೆಯದರಲ್ಲೂ ಹೊಸದರಲ್ಲೂ ಕಾಣುವ ಒಂದೇ ಜಾಗ ಹುಡುಕಿ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಡುತ್ತ ಹೋಗಬೇಕು, ದರ್ಜಿ ಎರಡು ಬಟ್ಟೆ ಸೇರಿಸಿ ಗುಂಡುಸೂಜಿ ಚುಚ್ಚಿದ ಹಾಗೆ. ಐದು ಚುಕ್ಕೆ ಸುಲಭವಾಗಿ ಸಿಕ್ಕವು: ಶಾಲೆಯ ಮೂಲೆ, ರಸ್ತೆಯ ತಿರುವು, ಒಂದು ಗೋದಾಮಿನ ತುದಿ, ಹೀಗೆ. ಎಲ್ಲವೂ ಗುಡ್ಡದ ಬುಡದಲ್ಲಿ. ಮೇಲಕ್ಕೆ ಹೋದರೆ ಹಿಡಿಯಲು ಏನೂ ಇಲ್ಲ. ಮಳೆಗೆ ಮುಂಚೆ ಗುಡ್ಡದವರು ಹೆಂಚು, ತಗಡು ಎಲ್ಲದರ ಮೇಲೂ ನೀಲಿ ತಾಡಪತ್ರಿ ಹೊದಿಸಿ ಟೈರು ಹೇರುತ್ತಾರೆ. ಆಕಾಶದಿಂದ ನೋಡಿದರೆ ಯಾವ ಮನೆ ಯಾವುದೆಂದು ಅಲ್ಲೇ ಹುಟ್ಟಿ ಬೆಳೆದವಳಿಗೂ ತಿಳಿಯದು.

ಆದರೆ ಅಲ್ಲೇ ಹುಟ್ಟಿ ಬೆಳೆದವಳಿಗೆ ಮಾತ್ರ ತಿಳಿಯುವ ಒಂದು ಚುಕ್ಕೆ ಇತ್ತು. ಮನೆಗಳ ನಡುವೆ ಉಗುರಿನಷ್ಟು ಗುಲಾಬಿ ಬಣ್ಣ. ಊರಿಂದ ಬಂದವರೆಲ್ಲ ಸೇರಿ ಕಟ್ಟಿಕೊಂಡ ಅವ್ವನ ಗುಡಿ. ಯಾವ ದೇವಿಯ ಹೆಸರು ತನಗೆ ಇಟ್ಟಿದ್ದರೋ ಆ ದೇವಿಯದೇ. ಎರಡೂ ಚಿತ್ರದಲ್ಲಿ ಅದನ್ನು ಕಂಡು ಅವಳಿಗೆ ತವರು ಕಂಡಷ್ಟು ಸಂತೋಷವಾಯಿತು. ಆರನೆಯ ಚುಕ್ಕೆ ಅಲ್ಲಿ ಇಟ್ಟಳು.

ಇಟ್ಟೊಡನೆ ತಪ್ಪಿನ ಲೆಕ್ಕ ತೋರಿಸುವ ಸಾಲಿನಲ್ಲಿ ಅಂಕಿಗಳು ಏರಿದವು. ಎಂಟು, ಹನ್ನೊಂದು, ಹತ್ತೊಂಬತ್ತು. ಎಲ್ಲೋ ಏನೋ ಕೂಡುತ್ತಿಲ್ಲ. ಅದೇ ಹೊತ್ತಿಗೆ ಆಫೀಸಿನ ಹಿರಿಯ ಪರ್ವೇಜ ಬಾಗಿಲಲ್ಲಿ ತಲೆ ಹಾಕಿದ. ಹುಬ್ಬಳ್ಳಿಯವನು, ಅವಳ ಜೊತೆ ಕನ್ನಡದಲ್ಲೇ ಮಾತು. "ಹೇಮಾ, ನಾಕಕ್ಕ ಹೋಗಬೇಕ ನೋಡವ್ವ ಅದು. ಮುಗೀತಿಲ್ಲೋ?"

"ಮುಗೀತ್ರಿ ಸರ್," ಎಂದುಬಿಟ್ಟಳು.

ಆಮೇಲೆ ಕೈ ತಾನಾಗಿ ಹೋಗಿ ಚಿತ್ರ ಕೂರಿಸುವ ವಿಧಾನವನ್ನು ಬದಲಿಸಿತು. ಥಿನ್ ಪ್ಲೇಟ್ ಸ್ಪ್ಲೈನ್ ಎಂಬುದೊಂದಿದೆ. ಅದು ಚಿತ್ರವನ್ನು ರಬ್ಬರಿನ ಹಾಳೆಯಂತೆ ಎಳೆದು, ಪ್ರತಿ ಚುಕ್ಕೆಯನ್ನೂ ನೀವು ಹೇಳಿದ ಜಾಗಕ್ಕೇ ತಂದು ಕೂರಿಸುತ್ತದೆ. ನೀವು ಸುಳ್ಳು ಹೇಳಿದರೂ ಅಲ್ಲಿಗೇ. ಹಾಗಾಗಿ ತಪ್ಪು ಯಾವಾಗಲೂ ಸೊನ್ನೆ. ಇದು ಅವಳು ಓದಿದ ವಿಷಯವೇ. ಓದಿದ್ದು ಆ ಕ್ಷಣಕ್ಕೆ ಬೇಡವಾಗಿತ್ತು. ಆರು ಸೊನ್ನೆಗಳು ಬಂದವು, ಗೆರೆಯ ಕೆಳಗೆ ಹದಿನಾಲ್ಕು ಮನೆಗಳು ಬಂದವು, ಪಟ್ಟಿ ನಾಲ್ಕಕ್ಕೆ ಹೋಯಿತು.

ಹದಿನಾಲ್ಕೂ ಗೌಂಡಿ ಸಾಲಿನವು. ಗುಡ್ಡದ ಹಿಂಬದಿಗೆ ಹತ್ತುವ ಮೆಟ್ಟಿಲ ದಾರಿಯ ಎಡಕ್ಕೆ ಗೋಡೆ ಕಟ್ಟುವವರ ಗೌಂಡಿ ಸಾಲು, ಬಲಕ್ಕೆ ನೀರಿನ ನಲ್ಲಿಯಿರುವ ನಳದ ಸಾಲು. ಎರಡೂ ಒಂದೇ ಅಚ್ಚಿನವು. ಅವಳ ಮನೆ ನಳದ ಸಾಲಿನಲ್ಲಿ. ಪಟ್ಟಿಯಲ್ಲಿ ತಮ್ಮ ಮನೆ ಇಲ್ಲವೆಂದು ಕಂಡಾಗ ಅವಳಿಗೆ ಆದ ನೆಮ್ಮದಿಯನ್ನು ಅವಳು ಯಾರಿಗೂ ಹೇಳಲಿಲ್ಲ. ಪಟ್ಟಿ ಮಾಡಿದ್ದು ತಾನೆಂದೂ ಹೇಳಲಿಲ್ಲ.

ಗುರುವಾರ ಮೈಕು ಕಟ್ಟಿದ ಜೀಪು ಬಂತು. ಗೌಂಡಿ ಸಾಲಿನ ಬಾಗಿಲುಗಳ ಮೇಲೆ ಕೆಂಪು ಬಣ್ಣ ಬಿತ್ತು. ಹದಿನಾಲ್ಕು ಮನೆಯವರು ಗಂಟು ಮೂಟೆ ಕಟ್ಟಿ ಬುಡದ ಶಾಲೆಗೆ ಇಳಿದರು.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೌಂಡಿ ಸಾಲಿನ ರೇಣು, ಹುಲಿಗೆಮ್ಮಳ ದೊಡ್ಡವ್ವನ ಮಗಳು, ಎರಡು ಮಕ್ಕಳನ್ನು ಕಟ್ಟಿಕೊಂಡು ಶನಿವಾರವೇ ಇಲ್ಲಿಗೆ ಬಂದುಬಿಟ್ಟಿದ್ದಳು. ಅವಳೊಬ್ಬಳೇ ಅಲ್ಲ. ಶಾಲೆಯ ಮಾಡು ಸೋರಿ, ಪಾಯಖಾನೆ ತುಂಬಿ, ಗೌಂಡಿ ಸಾಲಿನ ಮುಕ್ಕಾಲು ಪಾಲು ಜನ ತಂತಮ್ಮ ಬೀಗರು, ಅಣ್ಣ ತಮ್ಮಂದಿರ ಮನೆ ಸೇರಿದ್ದರು. ಬೀಗರು, ಅಣ್ಣ ತಮ್ಮಂದಿರು ಇದ್ದದ್ದು ನಳದ ಸಾಲಿನಲ್ಲಿ.

ಹೊರಗೆ ಪುಷ್ಯದ ಮಳೆ ಎರಡು ದಿನದಿಂದ ಉಸಿರು ತೆಗೆದುಕೊಂಡಿರಲಿಲ್ಲ.

"ಶಾಲ್ಯಾಗ ಇರೂದಾಗೂದಿಲ್ಲ ಚಿಗವ್ವಾ," ರೇಣು ರೊಟ್ಟಿ ಮುರಿಯುತ್ತ ಹೇಳಿದಳು. "ಒಂದ ಪಾಯಖಾನಿ, ಅರವತ್ತ ಮಂದಿ. ಪಾಳಿ ಹಚ್ಚಿ ನಿಂತ್ರ ಬರೂದೂ ಹೊಳ್ಳಿ ಹೋಗತೈತಿ."

ಅವ್ವ ಭಾಗವ್ವ ನಕ್ಕಳು. ಮಡಗಾಂವದ ನಾಲ್ಕು ಮನೆಗಳ ಪಾತ್ರೆ ತಿಕ್ಕಿ ಸವೆದ ಕೈಯಿಂದ ಮಕ್ಕಳ ತಾಟಿಗೆ ಸಾರು ಬಿಟ್ಟಳು. "ಇರ್ಲಿ ಬಿಡ. ನಮ್ಮ ಸಾಲಿಗೆ ಏನೂ ಆಗೂದಿಲ್ಲ. ಗೆರಿ ಹಾಕಿದೋರು ನಮ್ಮನ್ನ ಬಿಟ್ಟಾರ. ಯಾಕ ಬಿಟ್ಟಾರ ಹೇಳು?"

"ಯಾಕ?"

"ಗುಡಿ ಅವ್ವ ನಮ್ಮ ಕಡೆ ಅದಾಳ. ಮೂರ ವರ್ಷದ ಹಿಂದ ಪೈಪಿನ ಕೆಲಸಕ್ಕಂತ ಗುಡಿ ನಿಮ್ಮ ಸಾಲಿನಾಗಿಂದ ಎಬ್ಬಿಸಿ ನಮ್ಮ ಕಡೆ ತಂದ್ರಿಲ್ಲೋ? ನಿಮ್ಮವ್ರ ಹೊತ್ತ ತಂದ್ರು. ಬ್ಯಾಡ್ರೋ ಅಂತ ನಾ ಹೇಳಿದ್ದೆ. ಆಕಿ ಎದ್ದ ಬಂದ್ಲು, ನಿಮ್ಮ ಸಾಲಿನ ಕಾವಲ ಹೋತು. ಈಗ ನೋಡು, ಕೆಂಪ ಬಣ್ಣ ಯಾರ ಬಾಗಿಲಕ್ಕ ಬಿತ್ತು?"

"ಹೌದಬೇ," ರೇಣು ಮೆಲ್ಲಗೆ ಅಂದಳು. "ನಮ್ಮತ್ತೀನೂ ಹಂಗ ಅನ್ನಾಕತ್ತಾಳ."

ಹುಲಿಗೆಮ್ಮಳ ತುತ್ತು ಕೈಯಲ್ಲೇ ನಿಂತಿತು. ಗುಡಿ ಸರಿಸಿದ್ದು ಅವಳಿಗೆ ಗೊತ್ತಿಲ್ಲದ್ದಲ್ಲ. ಧಾರವಾಡದಿಂದ ರಜೆಗೆ ಬಂದಾಗ ಹೊಸ ಜಾಗದಲ್ಲಿ ಕೈ ಮುಗಿದು ಬಂದಿದ್ದಳು. ಆದರೆ ಬುಧವಾರ ಆ ಹಿನ್ನೆಲೆಯ ಚಿತ್ರ ಯಾವ ವರ್ಷದ್ದೆಂದು ನೋಡಿದ್ದಳೇ? ತಂತ್ರಾಂಶ ತಾನಾಗಿ ಅದನ್ನು ಹೇಳುವುದಿಲ್ಲ. ಗೇರುಮರಗಳ ನೆರಳಲ್ಲಿ ಮೆಟ್ಟಿಲ ದಾರಿ ಕಾಣುತ್ತಿರಲಿಲ್ಲ. ಗುಲಾಬಿ ಚುಕ್ಕೆ ಕಂಡಿತ್ತು. ಅದು ದಾರಿಯ ಯಾವ ಮಗ್ಗುಲಿಗಿದೆ ಎಂದು ಅವಳು ನೋಡಿರಲಿಲ್ಲ.

"ಊಟ ಬಿಟ್ಟ ಎಲ್ಲಿಗಿ ಎದ್ದಿ?" ಎಂದು ಅವ್ವ ಕೇಳುತ್ತಿದ್ದಂತೆ ಕೈ ತೊಳೆದು ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದಳು. ಮನೆಯಲ್ಲೂ ಅದೇ ತಂತ್ರಾಂಶ ಇತ್ತು, ಪೆನ್‌ಡ್ರೈವಿನಲ್ಲಿ ಬುಧವಾರದ ಕಡತ ಇತ್ತು. ರಬ್ಬರಿನ ವಿಧಾನ ತೆಗೆದು ಮೊದಲಿನ ಸಾದಾ ವಿಧಾನ ಹಾಕಿದಳು. ಅಂಕಿಗಳು ಮತ್ತೆ ಎದ್ದವು. ಒಂದೊಂದೇ ಚುಕ್ಕೆಯನ್ನು ಲೆಕ್ಕದಿಂದ ಬಿಟ್ಟು ನೋಡುತ್ತ ಬಂದಳು. ಮೊದಲನೆಯದನ್ನು ಬಿಟ್ಟರೂ ತಪ್ಪು ಹಾಗೇ. ಎರಡನೆಯದು, ಹಾಗೇ. ಐದರವರೆಗೂ ಹಾಗೇ. ಕೊನೆಗೆ ಆರನೆಯದರ ಮುಂದಿನ ಗುರುತು ತೆಗೆದಳು. ಉಳಿದ ಐದರ ತಪ್ಪೂ ಒಂದು ಮೀಟರಿಗಿಂತ ಕೆಳಗೆ ಬಂದು ನಿಂತಿತು.

ಹಳೆಯ ಗುಲಾಬಿಯಿಂದ ಹೊಸ ಗುಲಾಬಿಗೆ ಅಳೆದಳು. ಮೂವತ್ತೆಂಟು ಮೀಟರು.

ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇರುವಷ್ಟೇ ದೂರ. ಗುಡಿ ಬಲಕ್ಕೆ ಹೋಗಿತ್ತು. ಅದನ್ನು ಅವಳು ಎಡಕ್ಕೆ ಎಳೆದು ಕೂರಿಸಿದ್ದಳು, ಗುಡಿಯ ಜೊತೆಗೆ ಮೇಲಿನ ಬಿರುಕೂ ಎಡಕ್ಕೆ ಜರುಗಿ ಬಂದಿತ್ತು. ಎಲ್ಲಾ ಮಾಡೂ ನೀಲಿ, ಎಲ್ಲಾ ಸಾಲೂ ಒಂದೇ ಥರ. ನಳದ ಸಾಲು ಗೌಂಡಿ ಸಾಲಿನ ಮೇಲೆ ಸರಿಯಾಗಿ ಕೂತು ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಈಗ ಚಿತ್ರ ಹೊಸದಾಗಿ ಬಿಡಿಸಿಕೊಂಡು ಬಂತು. ಕೆಂಪು ಗೆರೆ ತನ್ನ ಖರೆ ಜಾಗಕ್ಕೆ ಸರಿಯಿತು. ಅದರ ಕೆಳಗೆ ಮೊದಲು ಬರುವುದು ಮರಿಯಮ ಚಾಚಿಯ ಮನೆ. ಆ ಮನೆಯಲ್ಲಿ ಮಗಳು ಮುಸ್ಕಾನ, ಹೆತ್ತು ಹನ್ನೆರಡು ದಿನ. ಚಾಚಿಯ ಮನೆಗೆ ತಾಗಿ ಇನ್ನೆರಡು ಮನೆ. ನಾಲ್ಕನೆಯದು ಈ ಮನೆ, ಅವ್ವ ಮಕ್ಕಳಿಗೆ ಸಾರು ಬಿಡುತ್ತಿರುವ ಈ ನೆಲ.

ಹಿಂದಿನ ಗೋಡೆಯತ್ತ ನೋಡಿದಳು. ಗೋಡೆಯಾಚೆ ಗುಡ್ಡ. ಅಲ್ಲಿಂದ ಏನೂ ಕೇಳುತ್ತಿರಲಿಲ್ಲ, ಮಳೆ ಬಿಟ್ಟು.

ಹೊರಗಿನ ಮಾಡಿನ ಕೆಳಗೆ ನಿಂತು ಪರ್ವೇಜನಿಗೆ ಫೋನ್ ಹಚ್ಚಿದಳು. ಈ ಏಳು ತಿಂಗಳಲ್ಲಿ ತಾನಾಗಿ ಹಚ್ಚಿದ ಮೊದಲ ಫೋನು.

"ಹೇಳವ್ವ ಹೇಮಾ. ರವಿವಾರ?"

"ಸರ್, ಬುಧವಾರದ ನಕಾಶಿ ತಪ್ಪೈತ್ರಿ. ಬಿರುಕು ಗೌಂಡಿ ಸಾಲಿನ ಮ್ಯಾಲಿಲ್ಲ. ನಳದ ಸಾಲಿನ ಮ್ಯಾಲೈತಿ."

"ಏನ ಮಾತಾಡತೀ? ಎರರ್ ಝೀರೋ ಇತ್ತಲ್ಲ?"

"ನಾ ಬರಿಸಿದ್ದ ಝೀರೋ ಸರ್."

ಆ ಕಡೆ ಟೀವಿಯ ಸದ್ದು ಬಂದ್ ಆಯಿತು. "ಥಿನ್ ಪ್ಲೇಟ್ ಹಾಕಿದ್ಯಾ?"

"ಹೂಂ ಸರ್."

"ಬಾಗಲದಾಗ ಬಂದ ನಿಂತ ಕೇಳಿದ್ನಲ್ಲವ್ವ ನಾನು."

"ಅಂಜಿಕಿ ಬಂತ್ರಿ ಸರ್."

ಪರ್ವೇಜ ಬೈಯಲಿಲ್ಲ. ಬೈದಿದ್ದರೆ ಅವಳು ಅಳುತ್ತಿದ್ದಳು, ಅತ್ತಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. "ನಾನೂ ತೆರೆದ ನೋಡದನ ಕಳಿಸೀನಿ," ಎಂದ. "ಮ್ಯಾಲಿನವರಿಗೆ ಹಚ್ಚತೀನಿ. ರವಿವಾರ, ಎತ್ತತಾರೋ ಇಲ್ಲೋ ಗೊತ್ತಿಲ್ಲ. ಯಾರರ ಗುಡ್ಡಕ್ಕ ಹೋಗಿ ಕಣ್ಣೀಲೆ ನೋಡಿದ್ರ ಒಂದ ಮಾತು. ಆದ್ರ ಅಲ್ಲಿ ಯಾರದಾರ ನಮ್ಮವರು?"

"ನಾ ಅದೀನ್ರಿ. ನಮ್ಮ ಮನಿ ಇಲ್ಲೇ ಐತ್ರಿ ಸರ್. ನಳದ ಸಾಲಿನಾಗ."

"ಯಾ ಅಲ್ಲಾ," ಎಂದ ಪರ್ವೇಜ.

ಪಕ್ಕದ ಮನೆಯ ಕಟ್ಟೆಯ ಮೇಲೆ ಪರಮಣ್ಣ ಬೀಡಿ ಸೇದುತ್ತ ಕೂತಿದ್ದ. ಮೂವತ್ತು ವರ್ಷದಿಂದ ಗೋವೆಯ ಗೋಡೆಗಳನ್ನು ಕಟ್ಟಿದ ಗೌಂಡಿ. ಕೆಂಪು ಬಣ್ಣ ಬಿದ್ದ ಹದಿನಾಲ್ಕರಲ್ಲಿ ಅವನ ಮನೆಯೂ ಒಂದು. ಈಗ ಅಳಿಯನ ಮನೆಯಲ್ಲಿ ಬಿಡಾರ. ಹುಲಿಗೆಮ್ಮ ಎದುರು ಬಂದು ನಿಂತದ್ದು ಕಂಡು ಹುಬ್ಬೇರಿಸಿದ. "ಏನಿದು, ಹುಲಿ ಇವತ್ತ ಗವಿ ಬಿಟ್ಟ ಹೊರಗ ಬಂದೈತಿ?"

"ಕಾಕಾ, ನನ್ನ ಕೂಡ ಮ್ಯಾಲ ಬರ್ತೀರೇನು? ಗುಡ್ಡದ ನೆತ್ತಿಗಿ."

"ಈ ಮಳ್ಯಾಗ? ಯಾಕ, ಬೇಟಿ ಆಡಾಕ?"

ಅವಳು ನಗಲಿಲ್ಲ. ಅವಳ ಮುಖ ನೋಡಿ ಅವನೂ ನಗು ನಿಲ್ಲಿಸಿದ. ಏನೂ ಕೇಳದೆ ಒಳಗೆ ಹೋಗಿ ತನ್ನ ಕೆಲಸದ ಚೀಲ ತಂದ.

ಮಳೆಗಾಲದಲ್ಲಿ ಆ ಕಡೆ ಯಾರೂ ಹತ್ತುವುದಿಲ್ಲ. ಹುಲ್ಲು ಸೊಂಟದ ಮಟ ಬೆಳೆದು, ಹಾವಿನ ಭಯ. ನಳದ ಸಾಲಿನ ಹಿಂದೆ ಒಂದು ಮಗ್ಗುಲಾಗಿ ಕಲ್ಲು ಹಿಡಿದು ಹತ್ತಿದರು. ಹುಲಿಗೆಮ್ಮ ಕೊಡೆಯ ಕೆಳಗೆ ಫೋನು ಹಿಡಿದು, ಅದಕ್ಕೆ ಹಾಕಿಕೊಂಡ ಸರಿಪಡಿಸಿದ ನಕಾಶೆಯಲ್ಲಿ ನೀಲಿ ಚುಕ್ಕೆಯಾಗಿ ತಾನು ಮೇಲೇರುವುದನ್ನು ನೋಡುತ್ತ ನಡೆದಳು. ಚುಕ್ಕೆ ಗೆರೆಯ ಹತ್ತಿರ ಬಂತು. ಗೆರೆ ಮುಟ್ಟಿತು. "ಕಾಕಾ, ನಿಂದರ್ರಿ," ಎಂದಳು.

ಪರಮಣ್ಣ ಎರಡು ಕೈಯಿಂದ ಹುಲ್ಲು ಸರಿಸಿದ. ಹುಲ್ಲಿನ ಬುಡದಲ್ಲಿ ನೆಲ ಇರಲಿಲ್ಲ.

ಮೊಳದಗಲ ಬಾಯಿ. ಬೇಸಿಗೆಯ ಚಿತ್ರದಲ್ಲಿ ಬರೀ ಗೆರೆಯಂತಿದ್ದದ್ದು ಈಗ ಕೈ ಇಟ್ಟರೆ ಹೆಗಲವರೆಗೆ ಹೋಗುವ ಆಳ. ಮೇಲಿಂದ ಹರಿದು ಬರುವ ಕೆಂಪು ನೀರೆಲ್ಲ ಅದರೊಳಗೆ ಇಳಿಯುತ್ತಿತ್ತು. ಅಷ್ಟು ನೀರು ಬೀಳುತ್ತಿದ್ದರೂ ಬಿದ್ದ ಸದ್ದಿಲ್ಲ. ಎಲ್ಲಿಗೆ ಹೋಗುತ್ತಿದೆ ಎಂದು ಕೇಳುವ ಹಾಗಿಲ್ಲ. ಹುಲಿಗೆಮ್ಮ ಕೆಳಗೆ ನೋಡಿದಳು. ನೇರ ಕೆಳಗೆ ಒಂದು ನೀಲಿ ತಾಡಪತ್ರಿ, ಅದರ ಮೇಲೆ ಆರು ಟೈರು. ಮಾಡಿನಂಚಿಗೆ ಕಟ್ಟಿದ ಹಗ್ಗದ ಮೇಲೆ ಕೂಸಿನ ಸಣ್ಣ ಸಣ್ಣ ಬಟ್ಟೆಗಳು.

"ಹಳೇದ ಇರಬೌದು," ಎಂದ ಪರಮಣ್ಣ. ಅವನ ದನಿಯಲ್ಲಿ ನಂಬಿಕೆ ಇರಲಿಲ್ಲ. "ಹಳೇದೋ, ನಡ್ಯಾಕತ್ತೈತೋ ನೋಡೂಣು."

ಚೀಲದಿಂದ ಎರಡು ಕಂಬಿ ತುಂಡು ತೆಗೆದು ಬಿರುಕಿನ ಆಚೆ ಒಂದು, ಈಚೆ ಒಂದು ಬಡಿದ. ಗೋಡೆಯ ನೇರ ನೋಡುವ ನೈಲಾನ್ ದಾರವನ್ನು ಎರಡಕ್ಕೂ ಕಟ್ಟಿದ. ಬಿಗಿಯಾಗಿ ಕಟ್ಟಲಿಲ್ಲ, ನಡುವೆ ಎರಡು ಬೆರಳಿನಷ್ಟು ಜೋತು ಬಿಟ್ಟ. ಆಮೇಲೆ ಇಬ್ಬರೂ ಮಗ್ಗುಲಿನ ಬಂಡೆಯ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತರು. ಬೀಡಿ ಹೊತ್ತಲಿಲ್ಲ. ಅರ್ಧ ತಾಸು ಕಾದರು.

ಆ ಅರ್ಧ ತಾಸಿನಲ್ಲಿ ಹುಲಿಗೆಮ್ಮಳಿಗೆ ಬಂದ ಯೋಚನೆಗಳಲ್ಲಿ ಒಂದಂತೂ ಅವಳಿಗೇ ಅಸಹ್ಯವಾಗಿತ್ತು. ದಾರ ಬಿಗಿಯಾಗದಿದ್ದರೆ? ಆಗ ತಾನು ಸುಮ್ಮನೆ ಕೆಳಗಿಳಿದು, ಸೋಮವಾರ ಆಫೀಸಿಗೆ ಹೋಗಿ, ಹೊಸ ಪಟ್ಟಿ ಕಳಿಸಿ, ಯಾರಿಗೂ ಏನೂ ಹೇಳದೆ ಇರಬಹುದಲ್ಲ. ಬಿಗಿಯಾಗುವುದು ಬೇಡ ಎಂದು ಅವಳು ಬೇಡಿಕೊಂಡದ್ದು ಕೂಸಿಗಾಗಿಯೋ ತನಗಾಗಿಯೋ ಅವಳಿಗೆ ತಿಳಿಯಲಿಲ್ಲ.

ಪರಮಣ್ಣ ಎದ್ದು ಹೋಗಿ ಬಗ್ಗಿ ನೋಡಿದ. ಬೆರಳಿನಿಂದ ದಾರ ಮುಟ್ಟಿದ. ಏಕತಾರಿಯ ತಂತಿಯಂತೆ ಅದು ಟಿಂಗ್ ಎಂದಿತು.

"ನಡಿ," ಎಂದ. "ಕೆಳಗ ನಡಿ. ಓಡಬ್ಯಾಡ. ಆದ್ರ ನಿಂದರಬ್ಯಾಡ."

ನಳದ ಹತ್ತಿರ ಜನ ಸೇರಿಸಲು ಪರಮಣ್ಣನ ಒಂದು ಕೂಗು ಸಾಕಾಯಿತು. ಗೋಣಿಚೀಲ ತಲೆಗೆ ಹಾಕಿಕೊಂಡು, ಪ್ಲಾಸ್ಟಿಕ್ ಹೊದ್ದು ನಲವತ್ತು ಐವತ್ತು ಮಂದಿ ಬಂದು ನಿಂತರು. ಮನೆ ಬಿಡಬೇಕೆಂಬ ಮಾತು ಬಾಯಿಂದ ಬಿದ್ದದ್ದೇ ತಡ, ಮರಿಯಮನ ಗಂಡ ರಸೂಲಸಾಬ ಮುಂದೆ ಬಂದ. ಟೆಂಪೋ ಓಡಿಸುವವನು, ಗಂಟಲು ದೊಡ್ಡದು.

"ಮೊನ್ನೆ ಆ ಸಾಲ ಎಬ್ಬಿಸಿದ್ರು. ಇವತ್ತ ಈ ಸಾಲ. ನಾಳೆ ಜೆಸಿಬಿ ಬರತೈತಿ. ಗುಡ್ಡಾ ಖಾಲಿ ಮಾಡಸೂ ಆಟ ಇದು, ನಮಗೇನ ತಿಳಿಯೂದಿಲ್ಲೇನು? ಕೆಂಪ ಬಣ್ಣ ಆ ಕಡೆ ಹಚ್ಯಾರ ಪರಮಣ್ಣಾ, ಈ ಕಡೆ ಅಲ್ಲ. ಸರಕಾರದ ನಕಾಶಿ ಸುಳ್ಳಂತೀ ಏನು?"

"ಸುಳ್ಳ ಐತಿ," ಎಂದಳು ಹುಲಿಗೆಮ್ಮ.

ಮಳೆಯಲ್ಲಿ ಅದು ಯಾರಿಗೂ ಕೇಳಲಿಲ್ಲ. ಪರಮಣ್ಣ ಅವಳ ತೋಳು ಹಿಡಿದು ನಳದ ಕಟ್ಟೆಯ ಮೇಲೆ ಹತ್ತಿಸಿದ. ಅಷ್ಟೂ ಮುಖಗಳು ಒಮ್ಮೆಗೇ ಅವಳತ್ತ ತಿರುಗಿದವು. ಹಿಂದೆ, ಮನೆಗಳಾಚೆ, ಅದೇ ನೀರು ಅದೇ ಬಾಯೊಳಗೆ ಇಳಿಯುತ್ತಿತ್ತು.

"ಆ ನಕಾಶಿ ಮಾಡಿದಾಕಿ ನಾನ," ಎಂದು ಕೂಗಿದಳು. "ಸರಕಾರದವರಲ್ಲ. ನಾನು. ಗುಡಿ ಸರಿಸಿದ್ದು ಲಕ್ಷ್ಯಕ್ಕ ಬರಲಿಲ್ಲ ನನಗ. ಬಿರುಕು ನಮ್ಮ ಸಾಲಿನ ಮ್ಯಾಲೈತಿ. ಚಾಚಿ ಮನಿ, ಬಾಜೂದ ಎರಡು, ನಮ್ಮ ಮನಿ, ಕೆಳಗಿನವೂ ಎಲ್ಲಾ. ನಾ ತಪ್ಪ ಮಾಡೀನಿ."

ಗುಂಪಿನ ನಡುವಿನಿಂದ ರೇಣುವಿನ ದನಿ ಬಂತು, ಕೂಗಲಿಲ್ಲ ಅವಳು. "ಅಂದ್ರ ನನ್ನ ಮಕ್ಕಳನ್ನ ಎಬ್ಬಿಸಿದಾಕಿ ನೀನ. ಎಬ್ಬಿಸಿ ಇಲ್ಲಿ ತಂದ ಮಲಗಿಸಿದಾಕೀನೂ ನೀನ."

"ಹೂಂ ಅಕ್ಕಾ."

"ಮನ್ಯಾಗ ನನ್ನ ಬಾಜೂಕ ಕುಂತ ಉಂಡಿ."

"ಹೂಂ."

ಭಾಗವ್ವ ಮಗಳನ್ನು ನೋಡುತ್ತಿದ್ದಳು.

"ನಕಾಶಿ ಗಿಕಾಶಿ ನನಗೂ ಗೊತ್ತಿಲ್ಲ," ಪರಮಣ್ಣ ರಸೂಲಸಾಬನ ಹೆಗಲ ಮೇಲೆ ಕೈ ಇಟ್ಟ. "ದಾರ ಗೊತ್ತೈತಿ ರಸೂಲ. ಎರಡ ಬಟ್ಟ ಸಡಿಲ ಬಿಟ್ಟ ಕಟ್ಟಿದ್ದೆ. ಅರ್ಧಾ ತಾಸಿನಾಗ ಟಿಂಗ್ ಅಂತು. ನಿನ್ನ ಮಾಡಿನ ನೆಟ್ಟಗ ಮ್ಯಾಲ."

ರಸೂಲಸಾಬ ಅವನ ಮುಖವನ್ನೇ ನೋಡಿದ. ಇಬ್ಬರೂ ಒಂದೇ ಗಾಡಿಯಲ್ಲಿ ಕಲ್ಲು ಸಿಮೆಂಟು ಹೊತ್ತವರು, ದಾರ ಸುಳ್ಳು ಹೇಳುವುದಿಲ್ಲವೆಂದು ಬಲ್ಲವರು. ಆದರೆ ಅವನ ಮನೆಗೆ ಹೋದರೆ ಮರಿಯಮ ಬಾಗಿಲಿಗೆ ಅಡ್ಡ ನಿಂತಿದ್ದಳು. "ಬಾಣತಿ ಐತಿ ಒಳಗ. ಚಾಲೀಸ ದಿನ ಹೊಸ್ತಿಲಾ ದಾಟಸೂದಿಲ್ಲ ನಾವು. ಈ ಗಾಳಿ, ಈ ಮಳಿ. ಕೂಸಿಗೇನರ ಆದ್ರ ಯಾರ ಹೊಣಿ? ಈಕಿ? ಮೊನ್ನೆ ಒಂದ ಹೇಳಿ ಇವತ್ತ ಒಂದ ಹೇಳೂ ಈಕಿ?"

ರಸೂಲಸಾಬ ಬಾಗಿಲ ಪಕ್ಕದ ಡ್ರಮ್ಮಿನ ಮೇಲೆ ಹತ್ತಿ ನಿಂತು ಮಾಡಿನ ಮೇಲಿನ ಟೈರುಗಳನ್ನು ಒಂದೊಂದಾಗಿ ಕೆಳಗೆ ದೂಡತೊಡಗಿದ. ಹಗ್ಗ ಬಿಚ್ಚಿದ. ಎರಡು ಕೈಯಿಂದ ತಾಡಪತ್ರಿ ಎಳೆದ. ನಡು ಮಳೆಗಾಲದಲ್ಲಿ ಮನುಷ್ಯ ತನ್ನ ಮಾಡನ್ನು ತಾನೇ ಬರಿದು ಮಾಡುವುದನ್ನು ಆ ಗುಡ್ಡದಲ್ಲಿ ಯಾರೂ ನೋಡಿರಲಿಲ್ಲ. ತಗಡಿನ ತೂತುಗಳಿಂದ ನೀರು ಒಳಗೆ ಧಾರೆಯಾಗಿ ಇಳಿಯಿತು. ಒಳಗಿಂದ ಮುಸ್ಕಾನ ಕೂಸನ್ನು ಎದೆಗೆ ಅವುಚಿಕೊಂಡು ತಾನಾಗಿ ಬಾಗಿಲಿಗೆ ಬಂದಳು.

"ನಾಕ ಮಂದಿ ನಾಕ ತುದಿ ಹಿಡೀರಿ," ಎಂದ ರಸೂಲಸಾಬ. "ಆಕಿ ಮ್ಯಾಲ ಒಂದ ಹನಿ ಬೀಳಬಾರದು."

ಒಂದು ತುದಿ ಹುಲಿಗೆಮ್ಮ ಹಿಡಿದಳು. ಮರಿಯಮ ಅವಳ ಕೈಯಿಂದ ಅದನ್ನು ಕಿತ್ತುಕೊಂಡು ತಾನೇ ಹಿಡಿದಳು. ಹುಲಿಗೆಮ್ಮ ಸರಿದು ನಿಂತಳು.

ಮಾಡು ಬರಿದಾದದ್ದು ಕಂಡ ಮೇಲೆ ಉಳಿದವರಿಗೆ ಮಾತು ಬೇಕಾಗಲಿಲ್ಲ. ಸಾಲಿನ ತುಂಬ ಪೆಟ್ಟಿಗೆ ಎಳೆಯುವ, ಮಕ್ಕಳ ಹೆಸರು ಕೂಗುವ, ಬೀಗ ಹುಡುಕುವ ಗದ್ದಲ. ಹುಲಿಗೆಮ್ಮ ಮೇಲಿನ ಮನೆಯಿಂದ ಕೆಳಗಿನವರೆಗೆ ಪ್ರತಿ ಬಾಗಿಲಿಗೂ ಹೋದಳು. ಜೀವಮಾನದಲ್ಲಿ ಕೂಗದಷ್ಟು ಕೂಗಿದಳು. ಕೆಲವರು ಬೈದರು. ಒಬ್ಬ ಮುದುಕಿ ಅವಳ ಮುಖಕ್ಕೆ ಉಗುಳಿ ಹೊರಟಳು. ಹೊರಟಳಲ್ಲ, ಅಷ್ಟು ಸಾಕಿತ್ತು. ಇಡೀ ಹೊತ್ತು ಅವಳ ಬೆನ್ನು ಗುಡ್ಡದ ಕಡೆಗಿತ್ತು, ಬೆನ್ನಿನ ಚರ್ಮಕ್ಕೆ ಕಿವಿ ಬಂದಂತೆ ಇತ್ತು.

ಐದೂವರೆಗೆ ಶಾಲೆಯ ಎರಡು ಕೋಣೆಯಲ್ಲಿ ನೂರಿಪ್ಪತ್ತು ಮಂದಿ. ಮಾಡು ಸೋರುವ ಜಾಗಕ್ಕೆ ಕೊಡ ಇಟ್ಟರು. ಸೋರದ ಒಂದೇ ಮೂಲೆ ಮುಸ್ಕಾನಳಿಗೆ. ಪರ್ವೇಜ ಫೋನ್ ಮಾಡಿ ಮೇಲಿನವರು ಸಿಕ್ಕರು, ನಾಳೆ ಬೆಳಿಗ್ಗೆ ಬಂದು ನೋಡುತ್ತಾರಂತೆ ಎಂದ. ಆರು ದಾಟಿ ಕಾಲು ಗಂಟೆಗೆ ಸದ್ದು ಬಂತು. ಸಿಡಿಲಿನ ಹಾಗೇನೂ ಇರಲಿಲ್ಲ. ದೊಡ್ಡ ಲಾರಿಯೊಂದು ಜಲ್ಲಿ ಸುರಿದಂತೆ, ಸುರಿದು ಮುಗಿಯದಂತೆ. ಹೆಂಗಸರು ಮಕ್ಕಳ ಮೇಲೆ ಬಗ್ಗಿದರು. ಲೈಟು ಹೋಯಿತು. ಸದ್ದು ನಿಂತ ಮೇಲೆ ಹಸಿ ಮಣ್ಣಿನ ವಾಸನೆ ಬಾಗಿಲಿನಿಂದ ಒಳಗೆ ಬಂತು.

ಪರಮಣ್ಣ, ರಸೂಲಸಾಬ ಹೋಗಿ ನೋಡಿ ಬಂದರು. ಮೊಣಕಾಲವರೆಗೆ ಕೆಸರು.

"ಮಣ್ಣಾಗ ಯಾರೂ ಇಲ್ಲ," ಎಂದ ಪರಮಣ್ಣ ಮೊದಲು. "ಅಲ್ಲಿ ಯಾರೂ ಉಳಿದಿರಲಿಲ್ಲ. ಮೂರ ಮನಿ ಹೋಗ್ಯಾವ. ಭಾಗವ್ವಾ, ನಿಂದು ಅರ್ಧಾ ನಿಂತೈತಿ. ಹಿಂದಿನ ಗ್ವಾಡಿ ಇಲ್ಲ."

ಭಾಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನೆಲ ನೋಡುತ್ತ ಕೂತಿದ್ದ ಮರಿಯಮ ತಲೆ ಎತ್ತಿದಳು. "ಏ ಹುಲಿಗಿ. ನಿನ್ನ ನಕಾಶಿದಾಗ ನನ್ನ ಮನಿ ಇನ್ನೂ ಐತೇನ?"

"ಐತಿ ಚಾಚಿ."

"ಇರ್ಲಿ. ತಗೀಬ್ಯಾಡ ಅದನ್ನ." ಅಷ್ಟು ಹೇಳಿ ಮೊಮ್ಮಗನ ಕಡೆ ತಿರುಗಿದಳು.

ಗೋಡೆಗೆ ಒರಗಿದ್ದ ರೇಣು ಎದ್ದು ನಿಂತು ಮಕ್ಕಳ ಹಾಸಿಗೆ ಸುತ್ತತೊಡಗಿದಳು. ಅವಳನ್ನು ನೋಡಿ ಗೌಂಡಿ ಸಾಲಿನ ಇನ್ನೂ ನಾಲ್ಕೈದು ಮಂದಿ ಎದ್ದರು. "ಬಿದ್ದದ್ದು ಬಿತ್ತು," ಎಂದಳು ರೇಣು. "ಬಿರುಕು ನಮ್ಮ ಮ್ಯಾಲಿಲ್ಲಂತಾತು. ನಮ್ಮ ಸಾಲ ಚಲೋ ಐತಿ. ಹೌದಿಲ್ಲೋ ಹುಲಿಗಿ? ನಮ್ಮ ಮನಿಗೆ ನಾವು ಹೋಗತೀವಿ. ಹೋಗಬೌದಲ್ಲ?"

ಮೇಣದ ಬತ್ತಿಯ ಬೆಳಕಿನಲ್ಲಿ ಎಲ್ಲರೂ ಅವಳ ಮಾತಿಗೆ ಕಾದರು.

ಸರಿಪಡಿಸಿದ ನಕಾಶೆ ಅವಳ ಚೀಲದಲ್ಲಿತ್ತು. ಅದರಲ್ಲಿ ಗೌಂಡಿ ಸಾಲಿನ ಮೇಲೆ ಯಾವ ಗೆರೆಯೂ ಇರಲಿಲ್ಲ. ಆದರೆ ಆ ಚಿತ್ರ ಬೇಸಿಗೆಯದು. ಈಗ ಅರ್ಧ ಗುಡ್ಡ ಜಾರಿದ ಮೇಲೆ ಉಳಿದರ್ಧ ಏನು ಹಿಡಿದು ನಿಂತಿದೆಯೋ ಯಾವ ಚಿತ್ರದಲ್ಲೂ ಇಲ್ಲ. ಹೋಗಿರಿ ಎನ್ನುವುದು ಒಂದು ಮಾತು, ಬೇಡ ಎನ್ನುವುದೂ ಒಂದೇ ಮಾತು. ಬುಧವಾರವೂ ಒಂದೇ ಮಾತು ಹೇಳಿದ್ದಳು, ಮುಗೀತು ಎಂದು.

"ಗೊತ್ತಿಲ್ಲಕ್ಕಾ," ಎಂದಳು. "ಖರೇನ ಗೊತ್ತಿಲ್ಲ. ಬೆಳಕ ಹರೀಲಿ, ನಾನೂ ಕಾಕಾನೂ ಹೋಗಿ ಆ ಕಡೆನೂ ದಾರ ಕಟ್ಟಿ ನೋಡತೀವಿ. ಅಲ್ಲೀಮಟ ಬ್ಯಾಡ."

ಜಗಳಕ್ಕೆ ಅವಳು ಸಿದ್ಧಳಾಗಿ ನಿಂತಿದ್ದಳು. ಯಾರೂ ಜಗಳ ಮಾಡಲಿಲ್ಲ. ರೇಣು ಅವಳನ್ನು ಒಂದು ಗಳಿಗೆ ನೋಡಿ, ಸುತ್ತಿದ ಹಾಸಿಗೆಯನ್ನು ಮತ್ತೆ ಬಿಚ್ಚಿ ಹಾಸಿದಳು. ಎದ್ದ ನಾಲ್ಕೈದು ಮಂದಿಯೂ ಮರುಮಾತಿಲ್ಲದೆ ಕೂತರು. ಅವರು ಅಷ್ಟು ಬೇಗ ಕೂತದ್ದನ್ನು ಕಂಡು ಹುಲಿಗೆಮ್ಮಳಿಗೆ ಬುಧವಾರದ ಪಟ್ಟಿ ನೆನಪಾಯಿತು, ಅದನ್ನೂ ಅವರು ಹೀಗೇ ನಂಬಿದ್ದರು. ಪರಮಣ್ಣನ ಚೀಲ ತೆರೆದು ದಾರ ಇನ್ನೆಷ್ಟಿದೆ ಎಂದು ನೋಡಿದಳು.